ದಿಮ್ಮಿಯ ಕೆಳಗಿನ ತೆಂಗಿನ ಸಿಪ್ಪೆ

ಹೆಗ್ಗೆಣಸು ನೆಡುವ ಕಾಲ. ದಕ್ಷಿಣದ ಗಾಳಿ ತಣ್ಣಗೆ ಬೀಸುತ್ತಿತ್ತು. ಹವಳದ ಬಂಡೆಯಾಚೆ ತಿಮಿಂಗಿಲಗಳು ಮರಿಗಳನ್ನು ಕಟ್ಟಿಕೊಂಡು ಬಂದು ನೀರು ಚಿಮ್ಮಿಸುವ ದಿನಗಳು. ಲೋಸೇಲಿ ನಸುಕಿನಲ್ಲೇ ತೋಟಕ್ಕೆ ಹೋಗಿ ಗುಣಿ ತೋಡಿ, ಬಿತ್ತನೆಗೆಡ್ಡೆ ಇಟ್ಟು, ಮಣ್ಣೆಳೆದು, ಬಿಸಿಲೇರುವ ಹೊತ್ತಿಗೆ ಮನೆಗೆ ಬಂದಳು. ಟೋಂಗಾದ ಆ ಊರಿನಲ್ಲಿ ಗುಣಿ ತೋಡುವುದು ಗಂಡಸರ ಕೆಲಸ. ಆದರೆ ಅವಳ ಗಂಡ ಫೊಲಾವು ದೀವಿಹಲಸಿನ ಮರದಿಂದ ಬಿದ್ದು, ಮುರಿದ ಕಾಲಿಗೆ ಪಟ್ಟು ಹಾಕಿಸಿಕೊಂಡು ಜಗಲಿಯಲ್ಲಿ ಕೂತು ಬಹಳ ದಿನವಾಗಿತ್ತು.

"ಎಷ್ಟು ಗುಣಿ ಆಯ್ತು?" ಎಂದ.

"ನಿನ್ನ ಹೊಟ್ಟೆ ತುಂಬೋವಷ್ಟಂತೂ ಆಗಿಲ್ಲ. ಅಷ್ಟಾಗಬೇಕಾದ್ರೆ ಊರೆಲ್ಲಾ ಅಗೀಬೇಕು."

ಕೈ ತೊಳೆದು ಅವಳು ಹಿತ್ತಲಿಗೆ ನಡೆದಳು. ಅಲ್ಲಿ ಎರಡನೆಯ ಕೆಲಸ ಕಾದಿತ್ತು. ಪಟ್ಟಣದಲ್ಲಿ ಕೆಲಸಕ್ಕಿದ್ದ ಮಗಳು ಮೆಲೆನೈಟೆಯ ಮದುವೆ ಹತ್ತಿರ ಬಂದಿತ್ತು. ಹೆಣ್ಣಿನ ತಾಯಿ ಬೀಗರ ಮುಂದೆ ತೊಗಟೆಬಟ್ಟೆ ಹಾಸದೆ ಮಗಳನ್ನು ಕಳಿಸಿದಳೆಂದರೆ, ಮೊಮ್ಮಕ್ಕಳ ಕಾಲದವರೆಗೂ ಮಾತು ಉಳಿಯುತ್ತದೆ. ಹಿಪ್ಪುನೇರಳೆಯ ಒಳತೊಗಟೆಯನ್ನು ನೆನೆಹಾಕಿ, ದಿಮ್ಮಿಯ ಮೇಲಿಟ್ಟು, ಕೊಡತಿಯಿಂದ ಬಡಿದು ಬಡಿದು ಅಂಗೈಯಗಲದ್ದನ್ನು ಮೊಳದಗಲ ಮಾಡಬೇಕು. ಹಾಗೆ ಬಡಿದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಬಣ್ಣ ಉಜ್ಜಬೇಕು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಹೆಂಗಸರಲ್ಲಿ ಮುಯ್ಯಾಳಿನ ಪದ್ಧತಿಯಿತ್ತು: ಇಂದು ಎಲ್ಲರೂ ನಿನ್ನ ಹಿತ್ತಲಿಗೆ, ನಾಳೆ ಎಲ್ಲರೂ ನನ್ನ ಹಿತ್ತಲಿಗೆ.

ಗಂಡ ಬಿದ್ದಂದಿನಿಂದ ಲೋಸೇಲಿ ಯಾರ ಹಿತ್ತಲಿಗೂ ಹೋಗಿರಲಿಲ್ಲ. ತೋಟವೇ ಅವಳನ್ನು ಬಿಡುತ್ತಿರಲಿಲ್ಲ. ಹೋಗದವಳು ಕರೆಯುವುದು ಹೇಗೆ? ತೀರಿಸಲಾಗದ ಮುಯ್ಯಿಯನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು ಅವಳಿಂದಾಗದು.

ಇನ್ನೊಂದು ತೊಡಕಿತ್ತು. ದಿಮ್ಮಿಯ ಕೆಳಗೆ ಟೊಳ್ಳು ಇರುವುದರಿಂದ ಕೊಡತಿ ಬಿದ್ದರೆ ಗಂಟೆಯಂತೆ ಸದ್ದು ಊರಿಗೆಲ್ಲ ಕೇಳುತ್ತದೆ. ಒಂಟಿ ಕೊಡತಿಯ ಸದ್ದು ಕೇಳಿದವಳು ತನ್ನ ಕೊಡತಿ ಹಿಡಿದು ಬಂದು ಎದುರು ಕೂರಲೇಬೇಕು. ಕೇಳಿಯೂ ಮನೆಯಲ್ಲೇ ಕೂತವಳನ್ನು ಊರು ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಲೋಸೇಲಿ ಒಂದು ಉಪಾಯ ಮಾಡಿದ್ದಳು. ದಿಮ್ಮಿಯ ಕೆಳಗಿನ ಟೊಳ್ಳಿಗೆ ತೆಂಗಿನ ಸಿಪ್ಪೆಯನ್ನು ಒತ್ತಿ ಒತ್ತಿ ತುಂಬಿದ್ದಳು. ಈಗ ಬಡಿದರೆ ಬರೀ ದೊಪ್, ದೊಪ್.

"ಸತ್ತ ಮೀನನ್ನ ಬಡಿದಂಗೆ ಕೇಳ್ಸುತ್ತೆ ಕಣೇ," ಎಂದ ಫೊಲಾವು ಜಗಲಿಯಿಂದ. "ಕರೀಬಾರ್ದಾ ಅವರನ್ನ?"

"ಕಾಲು ಮುರಿದೋರು ಬಾಯಿ ಮುಚ್ಕೊಂಡಿರ್ಬೇಕು."

"ಮುರಿದಿರೋದು ಕಾಲು. ಬಾಯಿ ಗಟ್ಟಿಯಾಗೇ ಇದೆ."

ಅಂದು ಸಂಜೆ ಪಕ್ಕದ ಮನೆಯ ಹೈನಿಟೆ ಅಜ್ಜಿ ಬೇಲಿಯ ಮೇಲೆ ಗದ್ದ ಊರಿ ನಿಂತಳು. ಮುಯ್ಯಾಳಿನ ಗುಂಪಿಗೆಲ್ಲ ಅವಳೇ ಹಿರಿಯಳು.

"ಏನೇ ಲೋಸೇಲಿ, ಮನೆ ಮೂಕಾಗಿದೆಯಲ್ಲೇ? ಮದುವೆ ಮನೆಯೋ, ಸಾವಿನ ಮನೆಯೋ?"

"ಬಟ್ಟೆ ಎಲ್ಲಾ ಆಗಿದೆ ಅಜ್ಜೀ. ಪಟ್ಟಣದಲ್ಲಿರೋ ನಮ್ಮಕ್ಕ ಕೊಡ್ತಾಳೆ."

"ನಿಮ್ಮಕ್ಕನಾ? ಅವಳು ಉಗುರು ಮುರಿದೀತು ಅಂತ ತೆಂಗಿನಕಾಯಿನೂ ತುರಿಯಲ್ಲ," ಎಂದು ಅಜ್ಜಿ ನಕ್ಕಳು. ಲೋಸೇಲಿಯ ಬೊಬ್ಬೆಯೆದ್ದ ಅಂಗೈಯನ್ನು ನೋಡಿದಳು. ತನ್ನ ಮನೆಯ ಕಡೆ ಹೋದಳು.

ಆ ರಾತ್ರಿ ಲೋಸೇಲಿ ಆದ ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದಳು. ಮದುಮಗಳು ಕೂರುವಷ್ಟು ಜಾಗವೂ ಆಗಿರಲಿಲ್ಲ. ತೊಟ್ಟಿಯಲ್ಲಿ ನೆನೆದ ತೊಗಟೆಯಿಂದ ಆಗಲೇ ಹುಳಿ ವಾಸನೆ ಬರುತ್ತಿತ್ತು. ಇನ್ನೂ ಬಿಟ್ಟರೆ ಕೊಳೆಯುತ್ತದೆ. ಫೊಲಾವು ಮಲಗಿದ್ದಲ್ಲಿಂದಲೇ ನೋಡಿದ.

ಮರುದಿನ ಅವಳು ತೋಟದಿಂದ ಬಂದಾಗ ಒಲೆ ಉರಿಯುತ್ತಿತ್ತು. ಕೆಸುವಿನೆಲೆ ಬೇಯುತ್ತಿತ್ತು. ಫೊಲಾವು ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಪಾದ್ರಿಯಂತೆ ಗಂಭೀರವಾಗಿ ಕೂತಿದ್ದ. ಅವಳಿಗೆ ಅನುಮಾನ ಬರಬೇಕಿತ್ತು, ದಣಿವಿಗೆ ಬರಲಿಲ್ಲ. ದಿಮ್ಮಿಯ ಮುಂದೆ ಕೂತು, ತೊಗಟೆ ಹಾಸಿ, ಕೊಡತಿ ಎತ್ತಿ ಬಡಿದಳು.

ಟಣ್!

ಕೊಕ್ಕರೆಗಳು ಎದ್ದು ಹಾರಿದವು. ಹಂದಿಮರಿಗಳು ದಿಕ್ಕಾಪಾಲಾದವು. ಲೋಸೇಲಿ ಬಗ್ಗಿ ನೋಡಿದಳು. ದಿಮ್ಮಿಯ ಕೆಳಗೆ ಸಿಪ್ಪೆಯಿಲ್ಲ.

"ಸೌದೆ ಮುಗಿದಿತ್ತು," ಎಂದ ಫೊಲಾವು. "ಕೋಲಲ್ಲಿ ಎಳ್ಕೊಂಡೆ. ಚೆನ್ನಾಗಿ ಉರೀತು."

"ನಿನ್ನ ಇನ್ನೊಂದು ಕಾಲನ್ನೂ..." ಎಂದು ಅವಳು ಕೊಡತಿ ಎತ್ತಿಕೊಂಡು ಎದ್ದಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ಟಣ್ ಎಂದಿತು. ಹೈನಿಟೆ ಅಜ್ಜಿಯ ದಿಮ್ಮಿ. ಅದರ ಹಿಂದೆಯೇ ಇಗರ್ಜಿಯ ಹತ್ತಿರದ ಮನೆಯಿಂದ ಇನ್ನೊಂದು. ಕಡಲದಂಡೆಯ ಪಿಸಿಲಾಳ ಮನೆಯಿಂದ ಮತ್ತೊಂದು. ಕೇಳಿತು, ಬಂದೆವು ಎಂದು ಹೇಳುವ ರೀತಿ ಅದು. ಲೋಸೇಲಿಯ ಕೈಯಲ್ಲಿದ್ದ ಕೊಡತಿ ತಾನಾಗಿ ಕೆಳಗಿಳಿಯಿತು.

ಮೊದಲು ಬಂದವಳು ಪಿಸಿಲಾ. ಹೆಗಲ ಮೇಲೆ ಕೊಡತಿ, ಕಂಕುಳಲ್ಲಿ ಮಗು. "ಅಂತೂ ಕರೆದ್ಯಲ್ಲಾ ಮಹಾರಾಯ್ತಿ! ಸೊಂಟ ನೋವಿಗೆ ಕೂತಿರ್ತೀಯ ಅಂತಿದ್ವಿ, ಸೊಕ್ಕಿಗೆ ಕೂತಿದ್ದೀಯ."

"ನಾನು ಕರೆದಿಲ್ಲ. ಇವನ ಕಿತಾಪತಿ."

"ಹಾಗಾದ್ರೆ ಊಟಾನೂ ಇವನೇ ಬಡಿಸ್ಲಿ," ಎನ್ನುತ್ತ ಹೈನಿಟೆ ಅಜ್ಜಿ ಬಂದು ಎದುರು ಕೂತಳು. "ಏಯ್ ಕುಂಟ, ಕೂತಲ್ಲೇ ಕಾಯಿ ತುರಿಯೋಕೆ ಕಾಲು ಬೇಕಿಲ್ಲ. ಹ್ಞೂಂ, ಹಿಡಿ."

ಲೋಸೇಲಿ ಮತ್ತೆ ದಿಮ್ಮಿಯ ಮುಂದೆ ಕೂತಳು. "ಅಜ್ಜೀ, ಈ ಮುಯ್ಯಿ ನಾನು ಯಾವಾಗ ತೀರಿಸ್ಲಿ? ತೋಟ ಅರ್ಧಾನೂ ಆಗಿಲ್ಲ."

"ನಿನ್ನ ಕೇಳಿದೋರ್ಯಾರು? ಬಡಿ ಮೊದ್ಲು. ತೊಗಟೆ ಹುಳೀತಾ ಇದೆ, ನಾರ್ತಿದೆ."

ಇಬ್ಬರ ಕೊಡತಿಗಳು ಒಂದರ ಹಿಂದೆ ಒಂದು ಬಿದ್ದವು. ಎದುರು ಕೂತವಳ ಲಯ ಸಿಕ್ಕಿದ ಮೇಲೆ ತೋಳಿಗೆ ಭಾರ ತಿಳಿಯುವುದಿಲ್ಲ. ತಿಂಗಳುಗಳಿಂದ ಲೋಸೇಲಿ ಅದನ್ನು ಮರೆತಿದ್ದಳು. ಸಂಜೆಗೆ ಪಿಸಿಲಾಳ ಗಂಡ ಉಳಿದ ಗಂಡಸರನ್ನು ಕರೆದುಕೊಂಡು ಗುದ್ದಲಿ ಹಿಡಿದು ತೋಟದ ಕಡೆ ಹೋದ. ಹೆಂಡತಿಯರೆಲ್ಲ ಇಲ್ಲಿದ್ದರೆ ಮನೆಯಲ್ಲಿ ಊಟ ಸಿಗುವುದಿಲ್ಲ, ತೋಟ ಅಗೆದರೆ ಇಲ್ಲೇ ಸಿಕ್ಕೀತು ಎಂಬುದು ಅವರ ಲೆಕ್ಕ.

ಮದುವೆಯ ದಿನ ಹಾಸಿದ ಬಟ್ಟೆ ಬಾಗಿಲು ದಾಟಿ ಅಂಗಳಕ್ಕೂ ಚಾಚಿತ್ತು. ಬೀಗರು ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಬೇಲಿಯ ಹತ್ತಿರವೇ ಬಿಟ್ಟರು.

ಫೊಲಾವು ಎರಡು ಕಾಲಿನ ಮೇಲೆ ನಿಂತ ಮೇಲೆ ಲೋಸೇಲಿ ಕೊಡತಿ ಹಿಡಿದು ಮನೆಮನೆಗೆ ಹೋಗಿ ಮುಯ್ಯಿ ತೀರಿಸಿದಳು. ಕೊನೆಗೆ ಉಳಿದದ್ದು ಹೈನಿಟೆ ಅಜ್ಜಿಯ ಮನೆ. ಅಜ್ಜಿ ಹಿತ್ತಲಿನ ಹಿಪ್ಪುನೇರಳೆಯನ್ನು ತೋರಿಸಿದಳು. ಅದು ಮೊಳಕಾಲುದ್ದವೂ ಬೆಳೆದಿರಲಿಲ್ಲ; ಬಡಿಯಲು ತೊಗಟೆಯೇ ಇರಲಿಲ್ಲ.

"ಬೇರೆ ಕೆಲ್ಸ ಹೇಳಿ ಅಜ್ಜೀ, ಮಾಡಿ ತೀರಿಸ್ಬಿಡ್ತೀನಿ."

"ತೀರಿಸಿಬಿಟ್ರೆ ಆಮೇಲೆ ಮತ್ತೆ ಸಿಪ್ಪೆ ತುಂಬ್ಕೊಂಡು ಕೂರ್ತೀಯ. ಬಾಕಿ ಇರ್ಲಿ ಬಿಡು," ಎಂದಳು ಅಜ್ಜಿ. "ಬಂದವಳು ಸುಮ್ನೆ ನಿಲ್ಬೇಡ, ಆ ಗಿಡಕ್ಕೆ ಒಂದು ಕೊಡ ನೀರು ಹಾಕು."

ಲೋಸೇಲಿ ಕೊಡ ಎತ್ತಿಕೊಂಡಳು.