ಗೆರೆಯ ಮೇಲೆ ಗೆರೆ

ಎತ್ತರ ಅಳೆಯುವ ಆ ಹಲಗೆ ತಣ್ಣಗಿರಬೇಕು, ಕಾಲಿಟ್ಟ ಕೂಡಲೇ ಮಗಳು ಬೆರಳು ಮಡಚಿಕೊಂಡಳಲ್ಲ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ್ಕೋ ಚಿನ್ನ ಅನ್ನುತ್ತಾಳೆ ನರ್ಸ್, ಎತ್ತರ ತೂಕ ನೋಡಿಯೇ ಔಷಧಿ ಎಷ್ಟೆಂದು ಗೊತ್ತುಮಾಡುವುದಂತೆ — ನೆಟ್ಟಗೆ ನಿಂತ್ಕೋ, ಇದೇ ಮಾತು ತಾನೆ ಮನೆಯಲ್ಲೂ, ಅಡುಗೆಮನೆ ಬಾಗಿಲ ಚೌಕಟ್ಟಿಗೆ ಇವಳನ್ನು ಒರಗಿಸಿ, ತಲೆಯ ಮೇಲೆ ಪೆನ್ಸಿಲ್ ಅಡ್ಡ ಹಿಡಿದು ಗಂಡ ಹೇಳುತ್ತಿದ್ದದ್ದು, ನೆಟ್ಟಗೆ ನಿಂತ್ಕೊಳ್ಳೇ ಒಂಟೆಮರಿ, ಅವನ ಮನೆಯವರೆಲ್ಲ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುವವರು, ಜಂಬ ಕೊಚ್ಚಿಕೊಳ್ಳಲು ಎತ್ತರ ಬಿಟ್ಟರೆ ಬೇರೇನೂ ಇಲ್ಲದವರು. ಕಾಲು ನೋವೆಂದು ಮಗಳು ಅತ್ತರೆ ಅತ್ತೆಗೆ ಸಂಭ್ರಮ, ಅಳಬೇಡ ಬಂಗಾರ, ಮೂಳೆ ಉದ್ದ ಆಗ್ತಿದೆ, ನಿಮ್ಮಪ್ಪನೂ ಹೀಗೇ ಒದ್ದಾಡ್ತಿದ್ದ — ಎಣ್ಣೆ ಹಚ್ಚಿ ನೀವಿದ್ದೇ ನೀವಿದ್ದು. ಬೀದಿ ಕೊನೆಯ ಆ ಡಾಕ್ಟರಾದರೂ? ಗಂಡನನ್ನು ಕೆಳಗಿನಿಂದ ಮೇಲಕ್ಕೆ ನೋಡಿ ನಕ್ಕನಲ್ಲ, ಬೆಳೆಯೋ ವಯಸ್ಸು ಕಣಮ್ಮ, ಅಪ್ಪನ್ನ ನೋಡಿದ್ರೆ ಗೊತ್ತಾಗಲ್ವಾ. ಜ್ವರ ಬಿಟ್ಟು ಬಿಟ್ಟು ಬರ್ತಿದೆ ಡಾಕ್ಟ್ರೇ. ಶಾಲೆಗೆ ಹೋಗೋ ಮಕ್ಕಳಿಗೆ ಬರದೆ ಇರುತ್ತಾ. ಮುಖ ಬಿಳಿಚಿಕೊಂಡಿದೆ. ಟಾನಿಕ್ ಕುಡಿಸಿ. ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿಬಿಡೋಣ್ವಾ. ಸುಮ್ನೆ ಮಗೂಗೆ ಯಾಕಮ್ಮ ಸೂಜಿ ಚುಚ್ಚಿಸ್ತೀರಿ. ಸೂಜಿಯಂತೆ ಸೂಜಿ! ಈಗ ಎರಡು ಕೈಗೂ ಚುಚ್ಚಿದ್ದಾರೆ, ಬೆನ್ನಿಗೂ ಚುಚ್ಚುತ್ತಾರಂತೆ, ಬಂದು ನೋಡಲಿ ಆ ಮಹಾನುಭಾವ.

ಕಣ್ಣುಬಿಟ್ಟು ನೋಡಿದವಳು ಶಾಲೆಯ ಟೀಚರ್ ಒಬ್ಬಳೇ, ಮಗಳ ತೊಡೆಯ ಮೇಲೆ, ಬೆನ್ನ ಮೇಲೆ ನೀಲಿ ಕಲೆ, ಮನೇಲಿ ಯಾರಾದ್ರೂ ಹೊಡೀತೀರಾ ಎಂದು ಮೆಲ್ಲಗೆ ಕೇಳಿದಳು, ಅದಕ್ಕೆ ತಾನು ಮಾಡಿದ್ದೇನು, ಬಾಯಿಗೆ ಬಂದಂತೆ ಬೈದು ಬಂದದ್ದು, ಡಾಕ್ಟರ ಮುಂದೆ ಮಾತ್ರ ಕೈಕಟ್ಟಿ ಹೂಂ ಹೂಂ — ಕಿರುಚಬೇಕಾದ ಕಡೆ ಬಾಯಿಗೆ ಬೀಗ, ಕೇಳಿಸಿಕೊಳ್ಳಬೇಕಾದ ಕಡೆ ಕೂಗಾಟ, ಥೂ. ನಿನ್ನೆ ಇಲ್ಲಿಯ ದೊಡ್ಡ ಡಾಕ್ಟರು, ರಕ್ತದ ಕ್ಯಾನ್ಸರ್, ವಾಸಿಯಾಗೋ ಕಾಯಿಲೆನೇ, ಆದ್ರೆ ಮಗು ತುಂಬ ಸೋತುಹೋಗಿದೆ, ಇಷ್ಟು ದಿನ ಏನ್ ಮಾಡ್ತಿದ್ರಿ — ಏನು ಮಾಡುತ್ತಿದ್ದೆವಾ, ಎಣ್ಣೆ ನೀವುತ್ತಿದ್ದೆವು ಸ್ವಾಮಿ, ಗೆರೆ ಎಳೆಯುತ್ತಿದ್ದೆವು, ಮೂವರು ದೊಡ್ಡವರು ಬಾಗಿಲಲ್ಲಿ ನಿಂತು ಗೆರೆ ಎಳೆಯುತ್ತಿದ್ದೆವು! ಕೊನೆಯ ಸಲ ಪೆನ್ಸಿಲ್ ಹಳೆಯ ಗೆರೆಯ ಮೇಲೆಯೇ ಕೂತಿತು. ಅರೆ, ಬೆಳೆದೇ ಇಲ್ವಲ್ಲೇ ಇವಳು, ಅಂದ ಗಂಡ. ಸೊಟ್ಟಗೆ ನಿಂತಿದ್ದಾಳೆ ಬಿಡೋ, ಅಂದರು ಅತ್ತೆ. ಮೂಳೆ ಉದ್ದವಾಗುತ್ತಿದೆಯೆಂದು ಮನೆಯೆಲ್ಲ ಹಿಗ್ಗಿತ್ತು, ಕೂದಲೆಳೆಯಷ್ಟೂ ಮೇಲೇರಿಲ್ಲವೆಂದು ಕಣ್ಣೆದುರಿಗೇ ಇತ್ತು, ತಾನೂ ನೋಡಿದಳು, ನೋಡಿ ಒಲೆಯ ಮೇಲಿನ ಹಾಲಿಗೆ ಓಡಿದಳು, ಅವನು ಪೆನ್ಸಿಲ್ ಒತ್ತಿ ಅದರ ಮೇಲೆಯೇ ಇನ್ನೊಂದು ಎಳೆದ — ನರ್ಸ್ ತಲೆಯ ಮೇಲಕ್ಕೆ ಅಳತೆಯ ಅಡ್ಡಪಟ್ಟಿ ಇಳಿಸುತ್ತಿದ್ದಾಳೆ, ಮಗಳು ಹಲ್ಲು ಕಚ್ಚಿ ಹಿಮ್ಮಡಿ ಎತ್ತುತ್ತಿದ್ದಾಳೆ, ಆ ನೋಯುವ ಕಾಲಿನ ತುದಿಬೆರಳ ಮೇಲೆ, ಅಪ್ಪನಿಗೆ ಹೇಳಲಿಕ್ಕೆ, ಈಗ ಬೆಳೆದ್ನಾ ಅಮ್ಮ — ಇಳಿಸು ಕಂದ, ಹಿಮ್ಮಡಿ ಇಳಿಸು — ಮಗಳು ಹಿಮ್ಮಡಿ ಊರುತ್ತಾಳೆ, ನರ್ಸ್ ಎತ್ತರ ಓದುತ್ತಾಳೆ, ಅದೇ, ಅಷ್ಟೇ, ಆ ಗೆರೆ, ಚೌಕಟ್ಟಿನ ಮೇಲೆ ದಪ್ಪಗೆ, ಕಪ್ಪಗೆ, ಗೆರೆಯ ಮೇಲೆ ಗೆರೆ