ನಳದ ಸುದ್ದಿಯಲ್ಲಿ ಬಿಟ್ಟ ಜಾಗ

ಹನಿ, ಕೊಡದ ಕಂಠದಿಂದ ಜಾರಿ ನೆಲಕ್ಕೆ, ಮತ್ತೊಂದು ಹನಿ — ಇಡೀ ಓಣಿಯಲ್ಲಿ ಕಂಠದ ತನಕ ತುಂಬಿದ ಕೊಡ ನಮ್ಮ ಮನೆಯಲ್ಲಿ ಮಾತ್ರ, ಇದನ್ನು ಇಷ್ಟು ದಿನ ನಾನು ಯಾಕೆ ಕೇಳಲಿಲ್ಲ, ಯಾಕೆ ಅನ್ನುವುದೂ ಆರರಲ್ಲಿ ಒಂದು, ನಿನ್ನೆ ಶನಿವಾರ ಕಾಲೇಜಿನ ಸುದ್ದಿ ಬರೆಯುವ ಕ್ಲಾಸಿನಲ್ಲಿ ಗಾದಿಲಿಂಗಪ್ಪ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಆರು, ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ, ಇವಕ್ಕ ಉತ್ತರ ಇಲ್ಲದ್ದು ಸುದ್ದಿ ಅಲ್ಲ, ಅಂದರು, ಕಟ್ಟಿ ಮ್ಯಾಲಿನ ಹರಟಿ, ಕಣ್ಣಿಂದ ಕಂಡಿದ್ದು ಒಂದು, ಇನ್ನೊಬ್ರ ಬಾಯಿಂದ ಕೇಳಿದ್ದು ಒಂದು, ಎರಡೂ ಇರಬೇಕು, ನಿಮ್ಮವ್ವ ಹೇಳಿದ್ರೂ ನಂಬಬ್ಯಾಡ್ರಿ, ಬಾನೂ, ನೀನು ನಿಮ್ಮ ಓಣಿ ನಳದ ಬಗ್ಗೆ ಬರೀ, ಸೋಮವಾರ ಕಾಲೇಜಿನ ಗ್ವಾಡಿ ಪತ್ರಿಕೆಗೆ ಅಂಟಿಸೋಣು — ನನಗೇ ಯಾಕೆ ಕೊಟ್ಟರು, ನನ್ನ ಅಬ್ಬಾ ಊರಿಗೆಲ್ಲ ಮೋಟಾರು ಕೂರಿಸುವ ಮಿಸ್ತ್ರಿ ಅಂತ ಗೊತ್ತಿದ್ದೇ ಕೊಟ್ಟರೇ, ಸೈಕಲ್ಲಿಗೆ ಗಾಳಿ ಹಾಕಿಸುವಾಗ ನಮ್ಮ ಅಂಗಡಿಯೊಳಗೆ ಯಾಕೆ ಅಷ್ಟು ಇಣುಕಿದರು. ಸಂಜೆ ಒಣ ನಳದ ಮುಂದೆ ನಿಂತು ಬರೆದುಕೊಳ್ಳುತ್ತಿದ್ದೆ, ಓಣಿಯ ಹುಲುಗಮ್ಮ ಖಾಲಿ ಕೊಡ ಬಡಿದು ನಕ್ಕಳು, ಏನ್ ಬರ್ಕೊಂತಿಯಬೇ, ನೀ ಬರದ್ರ ನಳದಾಗ ನೀರು ಬರ್ತಾವೇನು, ಎಲ್ಲರೂ ನಕ್ಕರು, ಅಮ್ಮಿ ನಗಲಿಲ್ಲ.

ಈ ಬೆಳಿಗ್ಗೆ ಅಮ್ಮಿಗೆ ಜ್ವರ, ಅದಕ್ಕೇ ಕೊಡ ನನ್ನ ಸೊಂಟಕ್ಕೆ ಬಂತು, ಪಂಚಾಯ್ತಿ ಮೆಂಬರ್ ಓಬಳೇಶಪ್ಪನ ಮನಿಗೆ ಹೋಗು, ಅಂದಳು, ಮುಂದಿನ ಬಾಗ್ಲಿಗಲ್ಲ, ಹಿತ್ತಲದಾಗ, ಹುಲುಗಮ್ಮನ ಕಣ್ಣಿಗೆ ಬಿದ್ದೀ — ಯಾಕೆ ಬೀಳಬಾರದು, ಕೇಳಲಿಲ್ಲ, ಹೋದೆ, ಗೋಣಿಚೀಲದ ಕೆಳಗೆ ಏನೋ ಗುಂಯ್ಗುಡುತ್ತಿತ್ತು, ಎತ್ತಿದೆ. ಮೋಟಾರು. ಓಣಿಯ ಪೈಪಿಗೇ ಹಚ್ಚಿ ನಳದ ನೀರನ್ನೆಲ್ಲ ಎಳೆಯುವ ಮೋಟಾರು, ಪೈಪಿನ ಜಾಯಿಂಟಿಗೆ ಗ್ರೀಸು ಮೆತ್ತಿ ಬಟ್ಟೆ ಸುತ್ತಿ ತಂತಿ ಬಿಗಿದಿತ್ತು, ಹಾಗೆ ಸುತ್ತುವವನು ಈ ಊರಿನಲ್ಲಿ ಒಬ್ಬನೇ, ಬಟ್ಟೆ ನೀಲಿ, ಅದರ ಮೇಲೆ ಸೊಟ್ಟ ಕೆಂಪು ಹೊಲಿಗೆ — ನನ್ನ ಹೈಸ್ಕೂಲಿನ ಲಂಗ, ನೀಲಿ ದಾರ ಸಿಗದೆ ಕೆಂಪು ದಾರದಲ್ಲಿ ನಾನೇ ಹಾಕಿದ ಹೊಲಿಗೆ, ಅದರ ತುದಿಯಿಂದ ಹನಿ.

ಎದುರಿಗೆ ಅಬ್ಬಾ ರೊಟ್ಟಿ ಮುರಿಯುತ್ತಿದ್ದಾನೆ, ಉಗುರಿನಲ್ಲಿ ಗ್ರೀಸು, ಅದು ದಿನವೂ ಇರುವುದೇ, ಇವತ್ತು ಅದೂ ಸಾಕ್ಷಿಯ ಹಾಗೆ ಕಾಣುತ್ತದೆ. ನಿನ್ನೆ ರಾತ್ರಿ ಸುಮ್ಮನೆ ಕೇಳಿದ್ದೆ, ಅಬ್ಬಾ, ಓಣಿ ಪೈಪಿಗೆ ಯಾರಾದ್ರೂ ಮೋಟಾರು ಹಚ್ಯಾರೇನು, ಊರಾಗ ನಾನೊಬ್ನ ಮಿಸ್ತ್ರಿ ಏನವ್ವ, ಕಾಲೇಜಿನಾಗ ಇದನ್ನ ಕಲಿಸ್ತಾರೇನು, ಅಪ್ಪನ್ನ ಪೊಲೀಸ್ರಂಗ ಕೇಳೋದು, ಎಂದು ನಕ್ಕ, ನಗು ಬೇಕಾದ್ದಕ್ಕಿಂತ ಉದ್ದ ಇತ್ತು. ಅಂಗಡಿಯ ಜಾಗ ಓಬಳೇಶಪ್ಪನದು, ಬಿಡಿಸಿದರೆ ಅಂಗಡಿ ಇಲ್ಲ, ಅಂಗಡಿ ಇಲ್ಲದಿದ್ದರೆ ಕಾಲೇಜೂ ಇಲ್ಲ, ಗೊತ್ತು, ಆದರೆ ಹುಲುಗಮ್ಮ ಈ ಬಿಸಿಲಲ್ಲಿ ಕೆರೆಯ ಬಾವಿಗೆ ನಡೆಯುತ್ತಾಳೆ, ಅದೂ ಗೊತ್ತು. ಮಡಿಲಲ್ಲಿ ಹಾಳೆ, ಕೊಟ್ಟೂರು, ಮಾರ್ಚ್ ೧೯೮೩, ಏನು ತುಂಬಿದೆ, ಎಲ್ಲಿ, ಯಾವಾಗ ತುಂಬಿದೆ, ಯಾಕೆ, ಹೇಗೆ ಕೂಡ ಇವತ್ತು ತುಂಬಿದವು, ಯಾರು ಎಂಬುದರ ಮುಂದೆ ಜಾಗ ಖಾಲಿ, ಕಣ್ಣಿಂದ ಕಂಡಿದ್ದು ಒಂದು ಆಯಿತು — ನಳದ್ದು ಬರದೇನವ್ವ, ಅಬ್ಬಾ ತಲೆ ಎತ್ತದೆ ಕೇಳುತ್ತಾನೆ. ಬರದೀನಿ, ಒಂದು ಬಿಟ್ಟೀನಿ. ಯಾವುದನ್ನು ಅಂತ ಅವನು ಕೇಳಬೇಕಿತ್ತು, ಯಾರಾದರೂ ಕೇಳುತ್ತಿದ್ದರು, ಅವನು ರೊಟ್ಟಿ ಅಗಿಯುತ್ತಾನೆ, ಅಗಿಯುತ್ತಲೇ ಇರುತ್ತಾನೆ, ಬಿಟ್ಟಿದ್ದನ್ನ ಹಂಗ ಬಿಟ್ರ ಆಗಂಗಿಲ್ಲೇನವ್ವ, ಅನ್ನುತ್ತಾನೆ.

ಇನ್ನೊಬ್ಬರ ಬಾಯಿಂದ ಕೇಳಿದ್ದು. ಎರಡೂ ಆಯಿತು.

ನೀರು ಕೊಡವ್ವ, ಗಂಟಲಾಗ ಹಿಡೀತು, ಅನ್ನುತ್ತಾನೆ, ಕೊಡದಲ್ಲಿ ಲೋಟ ಅದ್ದುತ್ತೇನೆ, ಯಾರು, ನೀರು ಎಳೆದವನು ಓಬಳೇಶಪ್ಪ, ಹಚ್ಚಿದವನು ಅಬ್ಬಾ, ಹೊತ್ತವಳು ಅಮ್ಮಿ, ಕುಡಿದವಳು, ದಿನಾ ಕುಡಿದು ಕ್ಲಾಸಿಗೆ ಹೋಗಿ ಆರೂ ಪ್ರಶ್ನೆ ಬರೆದುಕೊಂಡವಳು — ಅವನ ಕೈ ಚಾಚಿಯೇ ಇದೆ, ಲೋಟ ನನ್ನ ಕೈಯಲ್ಲೇ ಇದೆ, ತಳದಿಂದ ನೀರು ಹಾಳೆಯ ಮೇಲೆ, ಬಿಟ್ಟ ಜಾಗದ ಮೇಲೆ, ನೀಲಿ ಬಟ್ಟೆ, ಸೊಟ್ಟ ಕೆಂಪು ಹೊಲಿಗೆ, ಹನಿ, ನೀಲಿ ಬಟ್ಟೆ, ನನ್ನ ಹೊಲಿಗೆ, ಹನಿ —