ಮೀಟರಣ್ಣನ ಬುಧವಾರ

ಜೀವನಪೂರ್ತಿ ಬೇರೆಯವರ ಮನೆಯ ಕರೆಂಟು ಮೀಟರು ಓದಿಕೊಂಡು ಬದುಕಿದವನು ಮೀಟರಣ್ಣ. ಮೀಟರಿಗೆ ಕೈಯಾಡಿಸಿದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಟೂಲು ಹತ್ತಿ, ಟಾರ್ಚು ಬಿಟ್ಟು, ತಂತಿ ತಿರುಚಿದ ಎಷ್ಟೋ ದೊಡ್ಡ ಮನುಷ್ಯರ ಮಾನ ಕಳೆದಿದ್ದ. ಅಂಥವನು ನಿವೃತ್ತನಾದ ಮೇಲೆ ತನ್ನ ಸ್ವಂತ ಮೀಟರಿಗೇ ಕೈಯಾಡಿಸಿದ ಎಂದರೆ ಯಾರೂ ನಂಬಲಿಕ್ಕಿಲ್ಲ. ಒಂಟಿ ಮನುಷ್ಯನ ಬುದ್ಧಿ ಎತ್ತ ಹೊರಳುತ್ತದೋ ಹೇಳಲು ಬರುವುದಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವನ ಅಡುಗೆಮನೆಯಲ್ಲಿ ಟೀ ಬಿಟ್ಟರೆ ಬೇರೇನೂ ಕುದಿಯುತ್ತಿರಲಿಲ್ಲ. ಬೇಕರಿ ತಿಂಡಿ, ಪೊಟ್ಟಣದ ಚಿಪ್ಸು, ಅದನ್ನು ತಿನ್ನುತ್ತ ಟಿವಿ. ಬಿಪಿ ಏರಿತು. ಡಾಕ್ಟರು ಚೆನ್ನಾಗಿ ಉಗಿದು, ನಗರಸಭೆಯ ಮಹಡಿಗೆ ಹೋಗು ಎಂದರು. ಅಲ್ಲಿ ಹೃದ್ರೋಗ ತಡೆಯುವ ಸಂಸ್ಥೆಯೊಂದು ಪ್ರತಿ ಬುಧವಾರ ಸಂಜೆ ಅಡುಗೆ ಕಲಿಸುತ್ತಿತ್ತು. ಜಾಗ, ಗ್ಯಾಸು, ತರಕಾರಿ ನಗರಸಭೆಯದು. ಕಲಿಸುವ ನರ್ಸಮ್ಮ ಸಂಸ್ಥೆಯವಳು. ಊರವರ ಬಾಯಲ್ಲಿ ಅವರಿಗೆ ‘ಹೃದಯದವರು’ ಎಂದೇ ಹೆಸರು. ಹಳೇ ತೆರಿಗೆ ಕೌಂಟರಿನ ಮೇಲೆ ಸಾಲಾಗಿ ಒಲೆಗಳು, ಒಂದೊಂದಕ್ಕೂ ಇಬ್ಬರು. ಮೊದಲು ಬಿಪಿ ನೋಡುವುದು, ಆಮೇಲೆ ಅಡುಗೆ, ಕೊನೆಗೆ ಎಲ್ಲರೂ ಒಂದೇ ಮೇಜಿಗೆ ಕೂತು ಊಟ.

ಮೀಟರಣ್ಣನ ಒಲೆಗೆ ಜೊತೆಯಾದವಳು ಟೈಲರಮ್ಮ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದು ಹೊಲಿದು ಕಣ್ಣು ಮಂಜಾಗಿ ಮನೆಗೆ ಬಂದವಳು, ಗಂಡ ಇಲ್ಲ. ಅವಳು ಕ್ಯಾರೆಟ್ಟು ಹೆಚ್ಚಿದರೆ ಅಳತೆಪಟ್ಟಿ ಇಟ್ಟು ಕತ್ತರಿಸಿದ ಹಾಗಿರುತ್ತಿತ್ತು. ಅವನು ಹೆಚ್ಚಿದ್ದನ್ನು ಕಂಡು ಮೊದಲ ದಿನವೇ ಮೂಗು ಮುರಿದಳು.

“ಮೀಟ್ರೇ, ಇದೇನು ಹೆಚ್ಚಿದ್ದೋ, ಜಜ್ಜಿದ್ದೋ?”

“ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ ಅಲ್ವಾ, ಟೈಲರಮ್ಮ?”

“ಹಾಗಂದ್ಕೊಂಡೇ ಇಲ್ಲಿಗೆ ಬಂದು ಬಿದ್ದಿರೋದು ನೀವು. ಸೌಟು ಹಿಡ್ಕೊಳ್ಳಿ, ಚಾಕು ನನಗೆ ಕೊಡಿ.”

ಮನೆಯಲ್ಲಿ ಅವನನ್ನು ಹೀಗೆ ಬೈಯುವವರು ಹೋಗಿ ಎಷ್ಟೋ ಕಾಲವಾಗಿತ್ತು. ಆ ಸಂಜೆ ಅವನು ಕುಂಬಳಕಾಯಿ ಸೂಪನ್ನು ಉಪ್ಪಿಲ್ಲದೆ, ಬರೀ ನಿಂಬೆರಸ ಹಿಂಡಿಕೊಂಡು ಎರಡು ಬಟ್ಟಲು ಕುಡಿದ. ಬುಧವಾರ ಮುಗಿದರೆ ಗುರುವಾರದಿಂದ ಮಂಗಳವಾರದವರೆಗೆ ಕಾಲ ನೂಕುವುದೇ ಅವನ ಕೆಲಸವಾಯಿತು. ಹೊತ್ತು ಹೋಗಲೆಂದು ಮನೆಯಲ್ಲೂ ಸೂಪು ಕಾಯಿಸಿದ, ಬೇಳೆ ಬೇಯಿಸಿದ. ಪರಿಣಾಮ, ಬಿಪಿ ಇಳಿಯತೊಡಗಿತು.

ಬಂದ ತೊಂದರೆಯೇ ಅದು. ಮೂರು ವಾರ ಬಿಪಿ ಹದದಲ್ಲಿದ್ದವರಿಗೆ ಚಪ್ಪಾಳೆ ತಟ್ಟಿ, ಒಂದು ಸ್ಟೀಲಿನ ಸೌಟು ಕೊಟ್ಟು ಕಳಿಸುತ್ತಿದ್ದರು. ಕಾಯುತ್ತಿರುವ ಇನ್ನೊಬ್ಬರಿಗೆ ಆ ಜಾಗ. ನಿಯಮ ನ್ಯಾಯವಾಗಿಯೇ ಇತ್ತು, ಅದರಲ್ಲಿ ಹೃದಯದವರ ತಪ್ಪೇನಿಲ್ಲ. ಅವರ ಯಂತ್ರ ರಕ್ತದ ಒತ್ತಡ ಅಳೆಯುತ್ತಿತ್ತು. ಮಿಕ್ಕಿದ್ದನ್ನು ಅಳೆಯುವ ಯಂತ್ರ ಅವರ ಬಳಿ ಇರಲಿಲ್ಲ. ಎರಡು ವಾರ ಹದದಲ್ಲಿ ಬಂದಾಗ ನರ್ಸಮ್ಮ, “ಇನ್ನೊಂದೇ ವಾರ, ಮೀಟರಣ್ಣ!” ಎಂದು ಬೆನ್ನು ತಟ್ಟಿದಳು. ಮೀಟರಣ್ಣ ತಿರುಗಿ ಟೈಲರಮ್ಮನನ್ನು ನೋಡಿದ.

ಮುಂದಿನ ಬುಧವಾರ ಅವನು ಮಧ್ಯಾಹ್ನದಿಂದಲೇ ಚಿಪ್ಸು ತಿನ್ನತೊಡಗಿದ. ಸಾಲದ್ದಕ್ಕೆ ಎರಡು ಲೋಟ ಕಡಕ್ ಕಾಫಿ ಕುಡಿದು, ಮೆಟ್ಟಿಲನ್ನು ಓಡುತ್ತ ಹತ್ತಿದ. ತಿರುವಿನಲ್ಲಿ ಬೆಂಕಿ ಆರಿಸಲು ಇಟ್ಟಿದ್ದ ಕೆಂಪು ಬಕೆಟ್ಟಿನ ಮರಳಿನಲ್ಲಿ ಖಾಲಿ ಪೊಟ್ಟಣ ಹೂತ. ಬಿಪಿ ಏರಿತ್ತು. ನರ್ಸಮ್ಮನ ಮುಖ ಸಣ್ಣಗಾಯಿತು. ಅವನು ಮಾತ್ರ ಖುಷಿಯಾಗಿ ಸೌಟು ಹಿಡಿದು ಟೈಲರಮ್ಮನ ಪಕ್ಕ ನಿಂತ. ಅಲ್ಲಿಂದ ಮುಂದೆ ಪ್ರತಿ ವಾರ ಇದೇ ಆಟ. ತಲೆ ಸುತ್ತುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಜಾಗ ಉಳಿಯಿತಲ್ಲ ಎಂದುಕೊಂಡು ಸುಮ್ಮನಿದ್ದ.

ಟೈಲರಮ್ಮ ಮಾತು ಕಡಿಮೆ ಮಾಡಿದ್ದು ಅವನ ಗಮನಕ್ಕೆ ಬಂತು. ಅವನು ತರಕಾರಿ ಹೇಗೆ ಹೆಚ್ಚಿದರೂ ಅವಳು ಈಗ ಮೂಗು ಮುರಿಯುತ್ತಿರಲಿಲ್ಲ. ಒಂದು ಬುಧವಾರ ನರ್ಸಮ್ಮ ಎಲ್ಲರನ್ನೂ ಕರೆದು ಚಪ್ಪಾಳೆ ತಟ್ಟಿಸಿದಳು. ಸೌಟು ಟೈಲರಮ್ಮನ ಕೈಗೆ ಹೋಯಿತು.

ಮೀಟರಣ್ಣ ಅನ್ನ ಬಿಟ್ಟು ಎದ್ದು, ಅವಳ ಹಿಂದೆಯೇ ಬಸ್ ನಿಲ್ದಾಣಕ್ಕೆ ಓಡಿದ.

“ಒಂದು ಮಾತೂ ಹೇಳ್ಲಿಲ್ವಲ್ಲ, ಟೈಲರಮ್ಮ?”

ಅವಳು ಸೌಟನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ ರಸ್ತೆ ನೋಡಿದಳು. “ಬಕೆಟ್ಟಲ್ಲಿ ಪೊಟ್ಟಣದ ಮೂಲೆ ಕಾಣ್ತಾ ಇತ್ತು, ಮೀಟ್ರೇ. ಕೈ ಹಾಕಿದ್ರೆ ಒಂದಾದ್ಮೇಲೊಂದು ಬಂತು. ನೀವು ಅಲ್ಲಿ ಬಗ್ಗೋದನ್ನೂ ನೋಡಿದೀನಿ.”

ಅವನು ತಲೆ ತಗ್ಗಿಸಿದ.

“ನಮ್ಮನೆಯವರೂ ಹೀಗೇ. ನನ್ನೆದುರಿಗೆ ಸಪ್ಪೆ ಊಟ, ಹಿಂದುಗಡೆ ಕರಿದಿದ್ದು. ಬಟ್ಟೆ ಒಗೆಯುವಾಗ ಜೇಬಲ್ಲಿ ಪೊಟ್ಟಣ ಸಿಗೋದು. ಕೇಳಿದ್ರೆ ನಕ್ಕುಬಿಡೋರು. ಒಂದಿನ ಹೊರಟೇ ಹೋದ್ರು. ಇನ್ನೊಬ್ರು ನನ್ನ ಪಕ್ಕದಲ್ಲೇ ನಿಂತು ಹಾಗೆ ಹೋಗೋದನ್ನ ನೋಡೋ ಶಕ್ತಿ ನನಗಿಲ್ಲ. ಅದಕ್ಕೇ ಹಟ ಹಿಡಿದು ಬಿಪಿ ಇಳಿಸ್ಕೊಂಡೆ.”

“ನಾನು ಬಾಯಿಚಪಲಕ್ಕೆ ತಿಂದಿದ್ದಲ್ಲ,” ಎಂದ ಮೀಟರಣ್ಣ. “ಇಳಿದ್ರೆ ಕಳಿಸಿಬಿಡ್ತಾರೆ. ನಿಮ್ಮ ಪಕ್ಕದ ಜಾಗ ಹೋಗತ್ತೆ ಅಂತ ತಿಂದೆ.”

ಅವಳು ಅವನನ್ನೇ ನೋಡಿದಳು. ಕೋಪ ಮೊದಲು ಬಂತು, ಆಮೇಲೆ ಕಣ್ಣಲ್ಲಿ ನೀರು. “ಅಯ್ಯೋ ದೇವರೇ, ಇಷ್ಟಕ್ಕಾ? ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನಮ್ಮನೇಲೂ ಒಲೆ ಇದೆಯಲ್ಲ, ಮೀಟ್ರೇ.”

ಬಸ್ಸು ಬಂತು. ಹಿಂದಿನಿಂದ ಜನ ನೂಕಿದರು, ಅವಳು ಹತ್ತಿದಳು. ಕೆರೆಯಾಚೆ ಬಡಾವಣೆಯ ಬಸ್ಸು ಅದು. ಮನೆ ಯಾವುದು ಎಂದು ಕೇಳಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಮಾರನೇ ವಾರ ಅವನು ಬಕೆಟ್ಟಿನ ಮರಳು ಕೆದಕಿ, ಪೊಟ್ಟಣಗಳನ್ನೆಲ್ಲ ತೆಗೆದು ಕಸದ ತೊಟ್ಟಿಗೆ ಹಾಕಿದ. ನರ್ಸಮ್ಮನಿಗೆ ನಿಜ ಹೇಳಿ, ಟೈಲರಮ್ಮನ ವಿಳಾಸ ಕೇಳಿದ. ಅವಳಿಗೆ ಅಯ್ಯೋ ಅನ್ನಿಸಿತು, ಆದರೆ ಯಾರ ವಿಳಾಸವನ್ನೂ ಕೊಡುವ ಹಾಗಿಲ್ಲವೆಂದಳು. ಹೊಸದಾಗಿ ಜೊತೆಯಾದವನು ಒಳ್ಳೆಯವನೇ. ಮೀಟರಣ್ಣ ಹೇಗೆ ಹೆಚ್ಚಿದರೂ ಚೆಂದ ಎನ್ನುತ್ತಿದ್ದ. ಬಿಪಿ ತಾನಾಗಿ ಇಳಿಯಿತು. ಚಪ್ಪಾಳೆ ಬಿತ್ತು, ಸೌಟು ಸಿಕ್ಕಿತು.

ಅದಾದ ಮೇಲಿನ ಬುಧವಾರ ಮೀಟರಣ್ಣ ಮನೆಯಲ್ಲೇ ಕುಂಬಳಕಾಯಿ ಸೂಪು ಮಾಡಿದ. ಕ್ಯಾರೆಟ್ಟನ್ನು ನಿಧಾನವಾಗಿ, ಆದಷ್ಟು ಒಂದೇ ಅಳತೆಗೆ ಹೆಚ್ಚಿದ. ಇಬ್ಬರಿಗಾಗುವಷ್ಟು ಡಬ್ಬಿಗೆ ತುಂಬಿ, ಕೆರೆಯಾಚೆಯ ಬಸ್ಸು ಹತ್ತಿದ. ಊರಿನ ಅರ್ಧ ಮನೆಗಳ ಒಳಗೆ ಹೋಗಿ ಬಂದವನು ಅವನು. ಈ ಬಡಾವಣೆ ಮಾತ್ರ ಅವನ ಪಾಲಿಗೆ ಬಂದಿರಲೇ ಇಲ್ಲ. ಮೊದಲ ಬೀದಿಯ ಮೊದಲ ಬಾಗಿಲನ್ನು ಹಳೇ ಅಭ್ಯಾಸದಂತೆ ಗಟ್ಟಿಯಾಗಿ ತಟ್ಟಿದ.

ಹೆಂಗಸೊಬ್ಬಳು ಬಾಗಿಲು ಅರ್ಧ ತೆರೆದಳು. “ಮೀಟರ್ ನೋಡೋಕಾ? ನಿನ್ನೇನೇ ಓದ್ಕೊಂಡು ಹೋದ್ರಲ್ಲ.”

“ಇಲ್ಲಮ್ಮ. ಇಲ್ಲಿ ಟೈಲರಮ್ಮ ಅಂತ ಒಬ್ರು... ಕಣ್ಣು ಸ್ವಲ್ಪ ಮಂಜು. ಗೊತ್ತಾ?”

“ಇಲ್ಲಪ್ಪ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ಡಬ್ಬಿ ಇನ್ನೂ ಬೆಚ್ಚಗಿತ್ತು. ಅವನು ಪಕ್ಕದ ಮನೆಯ ಬಾಗಿಲು ತಟ್ಟಿದ.